ಮಾತಾಡದ ಕೂಸು, ಕಿವಿಗೊಡದ ದವಾಖಾನೆ



ಭೂಮಿಯ ಬಗ್ಗೆ, ಕೂಲಿಯ ಬಗ್ಗೆ, ಸ್ಕಾಲರ್‌ಶಿಪ್ಪಿನ ಬಗ್ಗೆ, ಹಾಸ್ಟೆಲಿನ ನೀರು ಸಾರಿನ ಬಗ್ಗೆ ನಾವು ಬರೆಯುತ್ತಲೇ ಇರುತ್ತೇವೆ. ಈ ಸಲ ಮಾತು ಬಾರದ ಒಂದು ಕೂಸಿನ ಬಗ್ಗೆ ಬರೆಯುತ್ತಿದ್ದೇವೆ. ಇದೂ ಒಂದು ಚಳವಳಿಯ ವಿಷಯವೇನ್ರೀ ಎಂದು ಕೆಲವರು ಕೇಳಬಹುದು. ಪೂರ್ತಿ ಓದಿರಿ, ಆಮೇಲೆ ಕೇಳಿರಿ.

ಸಿಂಧನೂರು ಕಡೆಯ ಒಂದು ಕೇರಿಯಲ್ಲಿ ನಮ್ಮ ಹಾಸ್ಟೆಲ್ ಗೆಳೆಯನ ಅಕ್ಕ ಇದ್ದಾಳೆ. ಭತ್ತದ ಸಸಿ ಹಚ್ಚುವ ಕೂಲಿ. ಅವಳ ಮಗನಿಗೆ ಈಗ ಐದು ತುಂಬಿದೆ. ಒಂದೂವರೆ ವರ್ಷದವನಿದ್ದಾಗ ಅವ್ವಾ ಅನ್ನುತ್ತಿದ್ದ, ನೀರು ಅನ್ನುತ್ತಿದ್ದ. ಆಮೇಲೆ ಆ ಎರಡು ಮಾತನ್ನೂ ಬಿಟ್ಟ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಓಣಿಯಲ್ಲಿ ಟ್ರ್ಯಾಕ್ಟರ್ ಬಂದರೆ ಮಾತ್ರ ಕಿವಿ ಮುಚ್ಚಿಕೊಂಡು ಚೀರುತ್ತಾನೆ. ತಟ್ಟೆಯೊಂದನ್ನು ಗರಗರ ತಿರುಗಿಸುತ್ತಾ ತಾಸುಗಟ್ಟಲೆ ಕೂರುತ್ತಾನೆ. ಮೊದಲು ಬಜೆ ತೇದು ನಾಲಗೆಗೆ ಹಚ್ಚಿದರು. ಬಾಲಗ್ರಹ ಎಂದು ತಾಯತ ಕಟ್ಟಿಸಿದರು. ದರ್ಗಾಕ್ಕೂ ಹೋದರು, ಗುಡ್ಡದ ದೇವರಿಗೂ ಹೋದರು.

ಇದನ್ನು ಮೌಢ್ಯ ಎಂದು ಬಯ್ಯಲು ನಮ್ಮ ಬಾಯಿ ಯಾವಾಗಲೂ ಸಿದ್ಧವಾಗಿರುತ್ತದೆ. ಆದರೆ ಆ ತಾಯಿ ದವಾಖಾನೆಗೂ ಹೋಗಿದ್ದಳು. ಒಂದಲ್ಲ, ನಾಲ್ಕು ಸಲ, ನಾಲ್ಕು ದಿನದ ಕೂಲಿ ಬಿಟ್ಟು. ಅಲ್ಲಿ ಸಿಕ್ಕ ವಿಜ್ಞಾನ ಯಾವುದು ಕೇಳಿರಿ. ಮೊದಲ ಸಲ: "ಗಂಡು ಹುಡುಗ್ರಿಗೆ ಮಾತು ತಡಾನೇ ಬರ್ತಾವು, ಹೋಗವ್ವ." ಎರಡನೇ ಸಲ: "ಮೊಬೈಲ್ ಕೊಟ್ಟು ಕುಂದ್ರಸ್ತೀರಿ, ಮಾತು ಎಲ್ಲಿಂದ ಬರಬೇಕು?" ಮೂರನೇ ಸಲ ಒಂದು ಟಾನಿಕ್ ಬಾಟಲಿ. ನಾಲ್ಕನೇ ಸಲ ಚೀಟಿಯಲ್ಲಿ ಊರು, ಓಣಿ ನೋಡಿದ ಮೇಲೆ: "ನಿಮ್ಮ ಮಂದಿ ಮನ್ಯಾಗ ಕುಡುದು ಬಡದಾಡ್ತೀರಿ. ಹುಡುಗ್ರು ಹಿಂಗಾಗದ ಇನ್ನೇನಾಗ್ತಾವು?"

ಆ ಮನೆಯಲ್ಲಿ ಕುಡಿಯುವವರೇ ಇಲ್ಲ.

ಕೊನೆಗೆ ಬೆಂಗಳೂರಿಗೆ ಗುಳೆ ಹೋದಾಗ ಅಲ್ಲಿನ ದೊಡ್ಡಾಸ್ಪತ್ರೆಯೊಂದರಲ್ಲಿ ಹೇಳಿದರು: ಇದು ಆಟಿಸಂ. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಮಿದುಳು ಮೊದಲಿನಿಂದಲೇ ಬೇರೆ ಬಗೆಯಲ್ಲಿ ಬೆಳೆದಿರುತ್ತದೆ. ಶಾಪ ಅಲ್ಲ, ಅಂಟುರೋಗ ಅಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ. ವಾಸಿ ಮಾಡುವ ಗುಳಿಗೆ, ಇಂಜೆಕ್ಷನ್ ಯಾವುದೂ ಇಲ್ಲ, ಇದೆ ಎಂದು ಹೇಳಿ ದುಡ್ಡು ಕೀಳುವವರು ಬೇಕಾದಷ್ಟಿದ್ದಾರೆ. ಆದರೆ ಎರಡು ಮೂರನೇ ವರ್ಷದಲ್ಲೇ ಗುರುತು ಹಿಡಿದು ಮಾತಿನ ತರಬೇತಿ, ಆಟದ ಮೂಲಕ ಕಲಿಸುವುದು ಶುರುವಾದರೆ ಎಷ್ಟೋ ಮಕ್ಕಳು ತಮಗೆ ಬೇಕಾದ್ದನ್ನು ಕೇಳುವಷ್ಟು, ಉಣ್ಣುವಷ್ಟು, ಶಾಲೆಗೆ ಹೋಗುವಷ್ಟು ಕಲಿಯುತ್ತಾರೆ. ನಮ್ಮ ಗೆಳೆಯನ ಅಳಿಯನ ಆ ವರ್ಷಗಳನ್ನು ನುಂಗಿದವರು ಯಾರು? ಪೂಜಾರಿಯೊಬ್ಬನೇ ಏನು?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರು ಆಟಿಸಂ ಉಳ್ಳವರು. ಹಾಗಿದ್ದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಮ್ಮ ಕೇರಿಗಳಲ್ಲಿ ಅವರೆಲ್ಲಿ? ಇದ್ದಾರೆ. ಮೂಕ, ಹುಚ್ಚ, ಮೊಂಡ, ದೇವರ ಕೂಸು ಎಂಬ ಹೆಸರುಗಳ ಕೆಳಗೆ ಇದ್ದಾರೆ.

ಇದರ ಹಿಂದೆ ಒಂದು ಚರಿತ್ರೆಯಿದೆ, ಹಾಸ್ಟೆಲ್ ಹುಡುಗರು ಗಮನಿಸಬೇಕು. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯ 11 ಮಕ್ಕಳನ್ನು ಕುರಿತು ಬರೆದು ಇದಕ್ಕೆ ಆಟಿಸಂ ಎಂದು ಹೆಸರು ಕೊಟ್ಟ. ಆ ಮಕ್ಕಳ ತಂದೆತಾಯಿಗಳು ಹೆಚ್ಚಿನವರು ಬಹಳ ಓದಿದವರು, ಅನುಕೂಲಸ್ಥರು. ಅಲ್ಲಿಂದ ಎಷ್ಟೋ ವರ್ಷ ಇದು ದೊಡ್ಡ ಮನೆತನದವರ ಮಕ್ಕಳಿಗೆ ಬರುವಂಥದ್ದು ಎಂದೇ ತಿಳಿದರು. ಮಗುವಿಗೆ ಪ್ರೀತಿ ಕೊಡದ ತಣ್ಣನೆಯ ತಾಯಂದಿರೇ ಇದಕ್ಕೆ ಕಾರಣ ಎಂಬ ಮಾತೂ ಬೆಳೆಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬಾತ ಅದನ್ನೇ ದೊಡ್ಡ ಪುಸ್ತಕ ಮಾಡಿದ. ಲಂಡನ್ನಿನ ವೈದ್ಯೆ ಲೋರ್ನಾ ವಿಂಗ್ ತಾನೇ ಆಟಿಸಂ ಇದ್ದ ಮಗಳ ತಾಯಿ. ಆಕೆ ಒಂದು ಪ್ರದೇಶದ ಮಕ್ಕಳನ್ನೆಲ್ಲಾ ಹುಡುಕಿ ನೋಡಿ, ಇದು ಎಲ್ಲ ವರ್ಗದ ಮನೆಗಳಲ್ಲೂ ಇದೆ ಎಂದು 1980ರಲ್ಲಿ ತೋರಿಸಿಕೊಟ್ಟಳು. ದೊಡ್ಡವರ ಮಕ್ಕಳಲ್ಲೇ ಹೆಚ್ಚು ಕಂಡದ್ದು ಯಾಕೆಂದರೆ ದೊಡ್ಡ ಡಾಕ್ಟರ ಬಾಗಿಲ ತನಕ ಹೋಗಲು ಆದದ್ದು ಅವರಿಗೇ!

ಜಗತ್ತು ಬಿಟ್ಟ ಆ ಎರಡು ಸುಳ್ಳುಗಳು ನಮ್ಮ ತಾಲೂಕುಗಳಲ್ಲಿ ಇನ್ನೂ ಉಸಿರಾಡುತ್ತಿವೆ. ಮೇಲಿನ ಓಣಿಯ ಕೂಸು ಮಾತಾಡದಿದ್ದರೆ ಅದು ಸಮಸ್ಯೆ, ದೊಡ್ಡ ಊರಿಗೆ ಚೀಟಿ ಬರೆಯುತ್ತಾರೆ. ನಮ್ಮ ಕೇರಿಯ ಕೂಸು ಮಾತಾಡದಿದ್ದರೆ ಅದು ಜಾತಿಯ ಗುಣ, ತಾಯಿಗೆ ಬುದ್ಧಿ ಹೇಳಿ ಕಳಿಸುತ್ತಾರೆ. ಜಾತಿ ಇಲ್ಲಿ ಕೈಯಲ್ಲಿ ಕೋಲು ಹಿಡಿದು ಬರುವುದಿಲ್ಲ. ಮುಂದಿನ ಪ್ರಶ್ನೆ ಕೇಳದೆ ಸುಮ್ಮನಾಗುತ್ತದೆ.

ಕೇಳಬೇಕಾದ ಪ್ರಶ್ನೆಗಳೋ ಬಹಳ ಸರಳ. ಒಂದು ವರ್ಷ ತುಂಬಿದ ಕೂಸು ಹೆಸರು ಕರೆದರೆ ನೋಡುತ್ತದಾ? ಒಂದೂವರೆ ವರ್ಷಕ್ಕೆ ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದಾ? ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಮಾತಾಡುತ್ತದಾ? ಬಂದ ಮಾತು ಹೋಗಿದೆಯಾ? ಇವನ್ನು ಕೇಳುವ ಅವಕಾಶ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಪ್ರತಿ ಕೂಸಿಗೂ ಸರಕಾರಿ ಚುಚ್ಚುಮದ್ದು ಇದೆ. ತಾಯಿ ಕಾರ್ಡು ಹಿಡಿದುಕೊಂಡು ನಮ್ಮ ಅಕ್ಕಂದಿರು ಸಾಲಿನಲ್ಲಿ ನಿಲ್ಲುತ್ತಾರೆ. ಆಟಿಸಂ ಲಕ್ಷಣ ಕಾಣುವ ವಯಸ್ಸೂ ಅದೇ. ಸೂಜಿ ಚುಚ್ಚುವ ನರ್ಸಮ್ಮನ ಕೈಯಲ್ಲೇ ಕೂಸು ಇರುತ್ತದೆ. ಎರಡು ನಿಮಿಷ ಸಾಕು.

ಸರಕಾರದ ಯೋಜನೆಯೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ಆಟಿಸಂ ಇದೆ. ಆದರೆ ತಂಡ ಬಂದ ದಿನ ನಮ್ಮ ಕೂಸು ಎಲ್ಲಿರುತ್ತದೆ? ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡದ ಮರಳಿನ ಗುಡ್ಡೆಯ ಮೇಲೆ. ಗುಳೆ ಹೋದವರ ಮಕ್ಕಳು ಯಾವ ಊರಿನ ಪಟ್ಟಿಯಲ್ಲೂ ಸಿಗುವುದಿಲ್ಲ.

ಗುರುತು ಹಿಡಿಯುವುದು ಒಂದು ಭಾಗ. ಆಟಿಸಂ ಇರುವ ಕೂಸು ಜ್ವರ ಬಂದು ದವಾಖಾನೆಗೆ ಬಂದಾಗ ಅದನ್ನು ನೋಡಿಕೊಳ್ಳುವ ರೀತಿ ಇನ್ನೊಂದು. ಗದ್ದಲದ ಸಾಲಿನಲ್ಲಿ ಎರಡು ತಾಸು ನಿಲ್ಲಿಸಿದರೆ ಅದು ಚೀರಾಡುತ್ತದೆ, ತಲೆ ಬಡಿದುಕೊಳ್ಳುತ್ತದೆ. ನಾವು ಕಂಡ ಒಂದು ಕಡೆ ನಾಲ್ಕು ಜನ ಒತ್ತಿ ಹಿಡಿದು ಸೂಜಿ ಚುಚ್ಚಿದರು. ಆಮೇಲೆ ಆರು ತಿಂಗಳು ಆ ಕೂಸು ಬಿಳಿ ಬಟ್ಟೆಯವರನ್ನು ಕಂಡರೆ ಓಡುತ್ತಿತ್ತು. ಹೀಗೆ ಮಾಡಬೇಕಿಲ್ಲ. ಸಾಲು ಬಿಡಿಸಿ ಮೊದಲು ಒಳಗೆ ಕರೆಯಬೇಕು. ಮುಟ್ಟುವ ಮೊದಲು ಹೇಳಬೇಕು, ಸಾಮಾನು ತೋರಿಸಬೇಕು. ಅವ್ವನ ತೊಡೆಯ ಮೇಲೇ ನೋಡಬೇಕು. ಕೂಸಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತದೆ ಎಂದು ಅವ್ವನನ್ನೇ ಕೇಳಬೇಕು. ಮಾತು ಬಾರದ ಕೂಸು ಹಲ್ಲು ನೋವನ್ನು ಬಾಯಿಂದ ಹೇಳಲಾರದು, ಕಪಾಳಕ್ಕೆ ಹೊಡೆದುಕೊಂಡು ಹೇಳುತ್ತದೆ. ಅದನ್ನು ಹುಚ್ಚು ಎಂದು ತಿಳಿದು ನಿದ್ದೆ ಔಷಧಿ ಕೊಟ್ಟರೆ ಹಲ್ಲು ಹಾಗೇ ಕೊಳೆಯುತ್ತದೆ. ಇದಕ್ಕೆ ಯಾವ ಮಶಿನ್ನೂ ಬೇಡ, ತಿಳಿವಳಿಕೆ ಬೇಕು.

ಇಲ್ಲಿ ಒಂದು ಮಾತು. ನಾವು ಆಶಾ ಕಾರ್ಯಕರ್ತೆಯರ ಮೇಲೆ, ಅಂಗನವಾಡಿ ಅಕ್ಕಂದಿರ ಮೇಲೆ ಬೆರಳು ತೋರಿಸುತ್ತಿಲ್ಲ. ಅವರಲ್ಲಿ ಎಷ್ಟೋ ಜನ ನಮ್ಮ ಅಕ್ಕತಂಗಿಯರೇ, ಗೌರವಧನದ ಮೇಲೆ ದುಡಿಯುವವರು. ಕಲಿಸದೇ ಇದ್ದದ್ದು ಯಾರಿಗೆ ಗೊತ್ತಿರುತ್ತದೆ? ಕಲಿಸಬೇಕು ಎಂದು ಕಾನೂನೇ ಹೇಳಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಲ್ಲಿ ಬಂತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಕಲತೆಗಳಲ್ಲಿ ಅದೂ ಒಂದು. ಆ ಕಾಯ್ದೆಯ 47ನೇ ಕಲಮು ಓದಿರಿ: ವೈದ್ಯರು, ನರ್ಸುಗಳು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು, ಇವರೆಲ್ಲರ ಓದಿನಲ್ಲಿ ವಿಕಲತೆಯ ವಿಷಯ ಸೇರಿಸಬೇಕು. 25ನೇ ಕಲಮು: ಹಳ್ಳಿಗಾಡಿನಲ್ಲಿ ಹತ್ತಿರದಲ್ಲೇ ಚಿಕಿತ್ಸೆ ಸಿಗಬೇಕು, ತಪಾಸಣೆಯಲ್ಲಿ ಆದ್ಯತೆ ಕೊಡಬೇಕು. ಹತ್ತಿರ ಎಂದರೆ ಎಷ್ಟು? ಲಿಂಗಸುಗೂರಿನಿಂದ, ಸಿಂಧನೂರಿನಿಂದ ರಾಯಚೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಎಂದರೆ ರಾತ್ರಿಯೆಲ್ಲಾ ಬಸ್ಸು. ಮಾತಿನ ತರಬೇತಿಯೋ ವಾರವಾರ ಬೇಕು. ಹಟ್ಟಿಯ ನೆಲದಿಂದ ಚಿನ್ನ ತೆಗೆಯುವ ತಾಲೂಕು ಲಿಂಗಸುಗೂರು. 371ಜೆ ಬಂದು ಹತ್ತು ವರ್ಷ ದಾಟಿತು.

ಮಸ್ಕಿಯ ಗೆಳೆಯರು ಗುಡ್ಡದ ಬಂಡೆಗೆ ಹೋಗಿಯೇ ಇರುತ್ತಾರೆ. 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ಅಶೋಕನ ಹೆಸರಿದೆ ಎಂಬುದನ್ನಷ್ಟೇ ಶಾಲೆಯಲ್ಲಿ ನಮಗೆ ಕಲಿಸಿದರು, ಒಂದು ಮಾರ್ಕಿನ ಪ್ರಶ್ನೆ. ದೊಡ್ಡವರು ಮಾತ್ರವಲ್ಲ, ಸಣ್ಣವರೂ ಆ ಎತ್ತರ ಮುಟ್ಟಬಲ್ಲರು ಎಂದು ಅದರಲ್ಲಿ ಬರೆದದ್ದನ್ನು ಯಾವ ಮಾಸ್ತರೂ ನಮಗೆ ಓದಿ ಹೇಳಲಿಲ್ಲ.

ನಮ್ಮ ತಪ್ಪೂ ಇದೆ. ಹಾಸ್ಟೆಲಿನಲ್ಲಿ ಯಾರಾದರೂ ಒಂಟಿಯಾಗಿ ಕೂತರೆ, ಹೇಳಿದ್ದನ್ನೇ ಹೇಳಿದರೆ, "ಏ ಮೆಂಟಲ್" ಎಂದು ಕರೆಯುವವರು ನಾವೇ. ಮಾತು ಬಾರದ ಹೆಣ್ಣುಕೂಸಾದರೆ ಕೇರಿಯಲ್ಲಿ ಇನ್ನೂ ಕೆಟ್ಟ ಮಾತು ಬರುತ್ತದೆ, ದೇವರಿಗೆ ಬಿಡೋಣ ಎಂದು. ಅದನ್ನು ನಿಷೇಧಿಸಿದ ಕಾಯ್ದೆ 1982ರದ್ದು. ಅಂಥ ಮಾತು ಎದ್ದ ಮನೆಯ ಮುಂದೆ ನಾವು ನಿಂತಿದ್ದೇವಾ?

ನಮ್ಮ ಹಾಸ್ಟೆಲುಗಳಲ್ಲಿ ಇಂದು ಜಿ.ಎನ್.ಎಂ., ಬಿ.ಎಸ್ಸಿ. ನರ್ಸಿಂಗ್, ಡಿ.ಎಡ್. ಓದುವವರು ಇದ್ದೀರಿ. ನಿಮ್ಮ ಮಕ್ಕಳ ಆರೋಗ್ಯದ ಪುಸ್ತಕದಲ್ಲಿ ಆಟಿಸಂಗೆ ಎಷ್ಟು ಪುಟ ಇದೆ ನೋಡಿರಿ, ಒಂದು ಕೂಸನ್ನಾದರೂ ಕಣ್ಣಾರೆ ತೋರಿಸಿ ಪಾಠ ಮಾಡಿರೆಂದು ನಿಮ್ಮ ಮೇಡಂಗೆ ಕೇಳಿರಿ. ಉಳಿದವರು ಮೂರು ತಾಲೂಕುಗಳ ಆಸ್ಪತ್ರೆಗಳಿಗೆ, ನಿಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಬ್ಬಿಬ್ಬರಾಗಿ ಹೋಗಿರಿ. ಸಿಬ್ಬಂದಿಗೆ ಆಟಿಸಂ ತರಬೇತಿ ಯಾವಾಗ ಆಯಿತು? ಮಾತಿನ ತರಬೇತಿ ಕೊಡುವವರು ವಾರಕ್ಕೆ ಎಷ್ಟು ದಿನ ಕೂರುತ್ತಾರೆ? ವಿಕಲಚೇತನರ ಪ್ರಮಾಣಪತ್ರದ ಶಿಬಿರದಲ್ಲಿ ಆಟಿಸಂ ಪರೀಕ್ಷಿಸುವವರು ಇರುತ್ತಾರಾ? ಮಾಹಿತಿ ಹಕ್ಕಿನ ಅರ್ಜಿ ಹತ್ತು ರೂಪಾಯಿಯದ್ದು, ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಅದನ್ನು ಹಾಕಿರಿ. ಸಿಕ್ಕ ಉತ್ತರಗಳನ್ನು ದಿನಾಂಕ ಸಮೇತ ಬರೆದುಕೊಂಡು ಮುಂದಿನ ಸಭೆಗೆ ತನ್ನಿರಿ. ಗೆಳೆಯನ ಅಕ್ಕನೂ ಮಗನನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದಾಳೆ. ಆ ದಿನ ತಮಟೆಯನ್ನು ಅವನು ಬಂದು ಹೋಗುವ ತನಕ ಬಾರಿಸುವುದು ಬೇಡ.