ಬಟ್ಟೆ ತೊಟ್ಟವರು ಉತ್ತರಿಸಲಿ

ಜರ್ಮನಿಯ ಉತ್ತರ ಕರಾವಳಿಯಲ್ಲಿರುವ ರೋಸ್ಟಾಕ್ ನಗರಾಡಳಿತ 2025ರಲ್ಲಿ ತನ್ನ ಬಾಲ್ಟಿಕ್ ಕಡಲತೀರಕ್ಕೆ ಹೊಸ ನಿಯಮಗಳನ್ನು ತಂದಿತು. ಅದರಲ್ಲಿ ಒಂದು ನಿಯಮ ದೇಶವಿದೇಶಗಳ ಪತ್ರಿಕೆಗಳಿಗೆ ನಗೆಯ ಸರಕಾಯಿತು. ನಗ್ನಸ್ನಾನಕ್ಕೆ ಮೀಸಲಾದ ಜಾಗದಲ್ಲಿ ಬಟ್ಟೆ ತೊಟ್ಟು ಕೂರುವಂತಿಲ್ಲ. ಕೂತವರನ್ನು ತೀರದ ಕಾವಲಿನವರು ಎಬ್ಬಿಸಿ ಕಳಿಸಬಹುದು. ಬಟ್ಟೆ ಬಿಚ್ಚಿದ್ದಕ್ಕೆ ಕೇಸು ಬೀಳುವ ದೇಶದವರಾದ ನಮಗೆ, ಚಡ್ಡಿ ಹಾಕಿದ್ದಕ್ಕೆ ಎದ್ದು ಹೋಗಬೇಕೆಂದರೆ ತಮಾಷೆಯೇ ಅನ್ನಿಸುತ್ತದೆ. ಆದರೆ ನಕ್ಕು ಮುಗಿಸುವ ವಿಷಯ ಇದಲ್ಲ.

ಅಲ್ಲಿನ ತೀರ ಮೂರು ಬಗೆಯದು: ಬಟ್ಟೆಯವರದು, ಬೆತ್ತಲೆಯವರದು, ಇಬ್ಬರಿಗೂ ಸೇರಿದ್ದು. ತಕರಾರು ಎದ್ದದ್ದು ಬೆತ್ತಲೆಯವರ ಪಾಲಿನ ಮರಳಿನಲ್ಲಿ. ಅಲ್ಲಿಗೆ ಬಟ್ಟೆಯವರು ಬಂದು ಕೂರತೊಡಗಿದರು. ಬರಬೇಡಿ ಎನ್ನಲು ಫಲಕವೊಂದು ಬಿಟ್ಟರೆ ಬೇರೇನೂ ಇರಲಿಲ್ಲ.

ಹೀಗಾದರೆ ಬೆತ್ತಲೆಯವರ ಪಾಲೂ ‘ಬಟ್ಟೆ ನಿಮ್ಮಿಷ್ಟ’ ಎನ್ನುವ ತೀರವೇ ಆಗುತ್ತದೆ. ಅಂಥ ತೀರದಲ್ಲಿ ಕಾನೂನಿನ ಮಟ್ಟಿಗೆ ಎಲ್ಲರೂ ಸಮಾನರು. ಆದರೆ ಹತ್ತು ಜನರಲ್ಲಿ ಒಂಬತ್ತು ಮಂದಿ ಬಟ್ಟೆ ತೊಟ್ಟಿದ್ದರೆ ಹತ್ತನೆಯವನ ಇಷ್ಟಕ್ಕೆ ಏನು ಬೆಲೆ? ಅವನು ಈಜಲು ಬಂದವನಾಗಿ ಉಳಿಯುವುದಿಲ್ಲ, ನೋಟಕ್ಕೆ ಸಿಕ್ಕ ವಸ್ತುವಾಗುತ್ತಾನೆ. ನಾಳೆ ಅವನೂ ಚಡ್ಡಿ ಹಾಕಿಕೊಂಡೇ ಬರುತ್ತಾನೆ, ಇಲ್ಲವೇ ಬರುವುದನ್ನೇ ಬಿಡುತ್ತಾನೆ. ಕಾಯಿದೆ ಬದಲಾಗದೆಯೇ ಅನುಮತಿ ಸತ್ತುಹೋಗುತ್ತದೆ. ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಈ ಕಾಲದಲ್ಲಂತೂ ಅದು ಬೇಗ ಸಾಯುತ್ತದೆ.

ಬೆತ್ತಲೆಯವರು ಬಟ್ಟೆಯವರಿಗೆ ಜವಾಬು ಹೇಳುತ್ತಲೇ ಬಂದಿದ್ದಾರೆ. ‘ಎಫ್‌ಕೆಕೆ’ ಎಂಬ ಮೂರಕ್ಷರದಿಂದ ಜರ್ಮನರು ಕರೆಯುವ ಈ ‘ಮುಕ್ತದೇಹ ಸಂಸ್ಕೃತಿ’ಯ ಚಳವಳಿ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. 1933ರಲ್ಲಿ ನಾತ್ಸಿ ಸರ್ಕಾರ ಅದರ ಮೇಲೆ ನಿರ್ಬಂಧ ಹೇರಿತು. ಪೂರ್ವ ಜರ್ಮನಿಯ ಕಮ್ಯುನಿಸ್ಟರು 1954ರಲ್ಲಿ ಬಾಲ್ಟಿಕ್ ತೀರದ ನಗ್ನಸ್ನಾನವನ್ನು ನಿಷೇಧಿಸಿದರು, ಜನ ಬಗ್ಗಲಿಲ್ಲ. 1956ರಲ್ಲಿ, ಗೊತ್ತುಪಡಿಸಿದ ಜಾಗಗಳಲ್ಲಿ ಆಗಬಹುದು ಎಂದು ಸರ್ಕಾರವೇ ಬಗ್ಗಿತು. ಆ ಕಾಲದ ಕಥೆಯೊಂದನ್ನು ಈಗಲೂ ಹೇಳುತ್ತಾರೆ. ಸಂಸ್ಕೃತಿ ಸಚಿವರಾಗಿದ್ದ ಕವಿ ಯೊಹಾನೆಸ್ ಬೆಷರ್, ಮುಖಕ್ಕೆ ಪತ್ರಿಕೆ ಮುಚ್ಚಿಕೊಂಡು ತೀರದಲ್ಲಿ ಬೆತ್ತಲೆ ಮಲಗಿದ್ದ ಹೆಂಗಸೊಬ್ಬಳನ್ನು ‘ಮುದಿ ಹಂದಿ, ನಾಚಿಕೆಯಾಗುವುದಿಲ್ಲವೇ?’ ಎಂದು ಗದರಿದರಂತೆ. ಪತ್ರಿಕೆ ಸರಿಸಿದರೆ ಕಂಡದ್ದು ಹೆಸರಾಂತ ಕಾದಂಬರಿಗಾರ್ತಿ ಆನಾ ಸೇಗರ್ಸ್. ಮುಂದೆ ಸಮಾರಂಭವೊಂದರಲ್ಲಿ ಸಚಿವರು ‘ಪ್ರೀತಿಯ ಆನಾ’ ಎಂದಾಗ ಆಕೆ, ‘ನಿಮಗೆ ನಾನು ಈಗಲೂ ಮುದಿ ಹಂದಿಯೇ’ ಎಂದರಂತೆ. ನಿಜವೋ ಕಟ್ಟುಕಥೆಯೋ, ಪ್ರಶ್ನೆ ಕೇಳುವ ಹಕ್ಕು ಯಾರದೆಂದು ಅದು ಸರಿಯಾಗಿ ಹೇಳುತ್ತದೆ.

1990ರಲ್ಲಿ ಎರಡು ಜರ್ಮನಿಗಳು ಒಂದಾದಾಗ ಪಶ್ಚಿಮದ ಪ್ರವಾಸಿಗರು ಇದೇ ತೀರಗಳಿಗೆ ಬಂದು ಮುಖ ಸಿಂಡರಿಸಿದರು. 2007ರ ಡಿಸೆಂಬರಿನಲ್ಲಿ ಪೋಲೆಂಡ್ ಗಡಿಯ ತಪಾಸಣೆ ಇಲ್ಲವಾದ ಮೇಲೆ, ಉಸೆಡೊಮ್ ದ್ವೀಪದ ತೀರದುದ್ದಕ್ಕೂ ನಡೆದು ಬಂದ ಪೋಲಿಷರು ಬೆತ್ತಲೆ ಜರ್ಮನರನ್ನು ಕಂಡು ದಂಗಾದರು. ಎರಡು ಸಲವೂ ಸಂಜಾಯಿಷಿ ಕೊಡಬೇಕಾದವರು ಮೊದಲಿನಿಂದ ಅಲ್ಲಿದ್ದವರೇ.

ಕನ್ನಡಿಗರಿಗೆ ನಗ್ನತೆ ಹೊಸದಲ್ಲ. ಶ್ರವಣಬೆಳಗೊಳದ ಬಾಹುಬಲಿಯ ಎದುರು ಕೈಮುಗಿದು ಬೆಳೆದವರು ನಾವು. ಆದರೆ ದಿಗಂಬರ ಮುನಿಯ ನಗ್ನತೆ ಒಂದು ವ್ರತ. ಸುತ್ತ ಲಕ್ಷ ಜನ ಬಟ್ಟೆ ತೊಟ್ಟು ನಿಂತರೂ ಅದು ಕುಂದದು. ಸೀರೆ ತೊರೆದ ಅಕ್ಕಮಹಾದೇವಿಯನ್ನು, ಮೈಗೆ ಕೂದಲು ಹೊದ್ದದ್ದೇಕೆ ಎಂದು ಅಲ್ಲಮಪ್ರಭು ಕೇಳಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅಲ್ಲಿಯೂ ಉತ್ತರ ಕೊಡಬೇಕಾದವಳು ಅಕ್ಕನೇ. ಕೊಡುವ ಕಸುವು ಅವಳಿಗಿತ್ತು. ಬಾಲ್ಟಿಕ್ ತೀರದ ಗುಮಾಸ್ತನಿಗೂ ನಿವೃತ್ತ ಮೇಷ್ಟರಿಗೂ ಅಂಥ ವೈರಾಗ್ಯವಿಲ್ಲ, ಬೇಕಾಗಿಯೂ ಇಲ್ಲ. ಅವರಿಗೆ ಬೇಕಾದದ್ದು ಬಿಸಿಲು, ಈಜು. ಪಕ್ಕದವರೂ ತಮ್ಮಂತೆಯೇ ಇದ್ದಾರೆ ಎಂಬುದೊಂದೇ ಅವರಿಗಿರುವ ಧೈರ್ಯ.

ಹಾಗಾದರೆ ಬಟ್ಟೆ ಬಿಚ್ಚಿ ಎಂದು ಕಟ್ಟಳೆ ಮಾಡುವುದು ಯಾವ ಸೀಮೆಯ ಸ್ವಾತಂತ್ರ್ಯ ಎಂದು ಕೇಳಬಹುದು. ಆದರೆ ಯಾರನ್ನೂ ಅಲ್ಲಿಗೆ ಎಳೆದು ತಂದಿಲ್ಲ. ಬಟ್ಟೆಯವರಿಗೆ ಪ್ರತ್ಯೇಕ ಜಾಗವೂ ಉಂಟು, ಮಿಶ್ರ ಜಾಗವೂ ಉಂಟು. ಎಲ್ಲೆಡೆಯೂ ಬಹುಮತದ್ದೇ ನಡೆಯುತ್ತಿರುವಾಗ, ಅಲ್ಪಸಂಖ್ಯಾತರ ಒಂದು ತುಂಡು ಮರಳಿನಲ್ಲಿ ‘ನೀವೇಕೆ ಹೀಗೆ ಬಂದಿರಿ?’ ಎಂದು ಆ ಬಹುಮತವನ್ನೊಮ್ಮೆ ಕೇಳಿದರೆ ಅನ್ಯಾಯವೇನೂ ಆಗದು. ರೋಸ್ಟಾಕ್ ಮಾಡಿದ್ದು ಸರಿ.

ಪ್ರವಾಸಕ್ಕೋ ಉದ್ಯೋಗಕ್ಕೋ ಆ ಕಡೆ ಹೋಗುವ ಕನ್ನಡಿಗರು ಫಲಕ ಓದಿಕೊಂಡು ಮರಳಿಗೆ ಇಳಿಯಲಿ. ಮಿಶ್ರ ಜಾಗವಾದರೆ ಬಟ್ಟೆಯಲ್ಲೇ ಕೂರಬಹುದು, ಯಾರೂ ಬೇಡವೆನ್ನರು. ಮೊಬೈಲ್ ಚೀಲದೊಳಗಿರಲಿ, ಕಣ್ಣು ಕಡಲಿನ ಮೇಲಿರಲಿ. ಫಲಕ ಬೆತ್ತಲೆಯವರದಾಗಿದ್ದು ಬಟ್ಟೆ ಬಿಡುವ ಮನಸ್ಸಿಲ್ಲದಿದ್ದರೆ, ಮುಂದಿನ ಫಲಕದವರೆಗೆ ನಡೆಯುವುದೇ ಮರ್ಯಾದೆ.