ಲೇತಿನ ಹೊಟ್ಟಿಗೆ ಬೆಂಕಿ ಬೇಡ, ಕೊಟ್ಟಿಗೆ ತೋರಿಸಿ

ನಮ್ಮದು ಹನೂರು ಕಡೆಯ ಖುಷ್ಕಿ ಜಮೀನು. ಮಳೆ ಬಂದರೆ ರಾಗಿ, ಅವರೆ, ಹುರುಳಿ. ಬಾರದಿದ್ದರೆ ಮುಗಿಲು ನೋಡುವುದೇ ಕೆಲಸ. ಮಗ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಕೆಲಸ ಕಲಿತು ಬಂದು ಜಗಲಿಗೆ ತಗಡು ಇಳಿಸಿ ಒಂದು ಕರೆಂಟಿನ ಲೇತು ಇಟ್ಟುಕೊಂಡಿದ್ದಾನೆ. ಬುಗುರಿ, ಲಟ್ಟಣಿಗೆ, ಕಡೆಗೋಲು, ಮಂಚದ ಕಾಲು ಮಾಡಿ ಕೊಳ್ಳೇಗಾಲ, ಯಳಂದೂರಿನ ಅಂಗಡಿಗಳಿಗೆ ಕೊಡುತ್ತಾನೆ. ಮಳೆ ಕೈಕೊಟ್ಟ ವರ್ಷ ಮನೆಗೆ ಅಕ್ಕಿ ತಂದದ್ದು ಆ ಲೇತು. ಹಾಗಾಗಿ ಅದರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಕರಾರು ಅದರಿಂದ ಬೀಳುವ ಹೊಟ್ಟಿನದು.

ಕಡೆಯುವ ಕೆಲಸ ನೋಡದವರಿಗೆ ಒಂದು ಮಾತು. ತುಂಡು ಗಿರ್ರನೆ ತಿರುಗುವಾಗ ಉಳಿ ಹಿಡಿದರೆ ಹೊಟ್ಟು ಸುರುಳಿ ಸುರುಳಿಯಾಗಿ ಹಾರುತ್ತದೆ. ಕೆಲವು ಸಾಮಾನಿಗೆ ಮರದ ಅರ್ಧ ಭಾಗ ಹೀಗೇ ಹೋಗುತ್ತದೆ. ಹಾಲೆ ಮರದ್ದಾದರೆ ಬೆಳ್ಳಗೆ, ಹಿಂಜಿದ ಹತ್ತಿಯ ಹಾಗೆ. ನಮ್ಮಲ್ಲಿ ವಾರಕ್ಕೆ ಮೂರು ನಾಲ್ಕು ಗೋಣಿಚೀಲ ಆಗುತ್ತದೆ. ಮಗ ಸಂಜೆ ಬಾಚಿ ಹಿತ್ತಲಲ್ಲಿ ಬೆಂಕಿ ಹಚ್ಚುತ್ತಿದ್ದ.

ಪಕ್ಕದ ಮನೆಯವರು ರೇಷ್ಮೆ ಹುಳು ಸಾಕುವವರು. ಒಂದು ಸಲ ಅವರ ಹುಳು ನಾಲ್ಕನೇ ಜ್ವರ ಎದ್ದಿತ್ತು. ಆ ಸಂಜೆ ಹೊಗೆಯೆಲ್ಲ ಅವರ ಹುಳುಮನೆಗೇ ನುಗ್ಗಿತು. ಆಯಮ್ಮ ಬೇಲಿ ಹತ್ತಿರ ಬಂದು, “ಅಣ್ಣ, ಈ ಬೆಳೆ ಹೋದ್ರ ಸಾಲ ಯಾರು ತೀರಿಸೋರು?” ಅಂದಳು. ನಾನು ತಲೆ ತಗ್ಗಿಸಿದೆ. ಪುಣ್ಯಕ್ಕೆ ಬೆಳೆ ಉಳಿಯಿತು. ಅಂದಿನಿಂದ ಹಿತ್ತಲ ಬೆಂಕಿ ನಿಂತಿತು. ಆದರೆ ಚೀಲಗಳು ಜಗಲಿ ತುಂಬಿದವು.

ಆಮೇಲೆ ನಾನು ಮಾಡಿದ್ದು ದೊಡ್ಡ ತಪ್ಪು. ಮರದ್ದೇ ತಾನೆ, ಕೊಳೆತು ಗೊಬ್ಬರ ಆಗ್ತದೆ ಅಂತ ರಾಗಿ ಹೊಲದ ಐದು ಗುಂಟೆಗೆ ಹಸಿ ಹೊಟ್ಟನ್ನೇ ಸುರಿದು ಉತ್ತುಬಿಟ್ಟೆ. ಪೈರು ಗೇಣುದ್ದಕ್ಕೆ ನಿಂತು ಅರಿಸಿನ ಬಳಿದ ಹಾಗೆ ಹಳದಿಯಾಯಿತು. ಪಕ್ಕದ ತಾಕು ಹಸಿರಾಗಿತ್ತು. ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಹಾಕಿ ಅಂದರು, ಹಾಕಿದೆ, ಸ್ವಲ್ಪ ಚೇತರಿಸಿತು. ಬಿಟ್ಟಿ ಗೊಬ್ಬರಕ್ಕೆ ದುಡ್ಡಿನ ಗೊಬ್ಬರ ತಿನ್ನಿಸಿದ ಹಾಗಾಯಿತು!

ಕಾರಣ ಆಮೇಲೆ ತಿಳಿಯಿತು. ಮರದ ಹೊಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 400 ಪಾಲು ಇಂಗಾಲ ಇರುತ್ತದೆ. ಮರದ ಜಾತಿ ನೋಡಿ ಹೆಚ್ಚು ಕಡಿಮೆ. ಚೆನ್ನಾಗಿ ಕಳಿಯಬೇಕಾದರೆ ಇಂಗಾಲ 25–30 ಪಾಲಿಗೆ ಇಳಿಯಬೇಕು. ಹೊಟ್ಟು ಕಳಿಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಪೈರಿಗೆ ಉಪವಾಸ.

ಹಾಗಾದರೆ ಸಾರಜನಕ ಎಲ್ಲಿ ಬಿಟ್ಟಿ ಹರಿದು ಹೋಗುತ್ತಿದೆ? ನಮ್ಮ ಕೊಟ್ಟಿಗೆಯಲ್ಲಿ! ಮಣ್ಣಿನ ನೆಲ, ಗಂಜಲವೆಲ್ಲ ಇಂಗಿ ಹೋಗುತ್ತದೆ. ನೀರಾವರಿಯವರು ದನದ ಕಾಲಡಿಗೆ ಹುಲ್ಲು ಹಾಸಬಹುದು. ರಾಗಿಹುಲ್ಲನ್ನು ತುಳಿಸಿ ಹಾಳು ಮಾಡುವಷ್ಟು ಶ್ರೀಮಂತರು ನಮ್ಮ ಕಡೆ ಯಾರೂ ಇಲ್ಲ. ಮೊದಲು ಕಾಡಂಚಿನವರು ತರಗು ಗುಡಿಸಿ ತರುತ್ತಿದ್ದರು. ಮಲೆ ಮಹದೇಶ್ವರ ಕಾಡು 2013ರಲ್ಲಿ ವನ್ಯಧಾಮವಾಯಿತು, ಇನ್ನು ಅದರ ಆಸೆಯೂ ಬೇಡ. ಹೊಟ್ಟಿಗೆ ಬೇಕಾದದ್ದು ಗಂಜಲದಲ್ಲಿದೆ, ಗಂಜಲ ಹಿಡಿದಿಡುವ ಗುಣ ಹೊಟ್ಟಿನಲ್ಲಿದೆ.

ಈಗ ನಾನು ದಿನಾ ಸಂಜೆ ಎರಡು ಹಸುವಿನ ಕಾಲಡಿಗೆ ಒಂದು ಮಂಕರಿ ಹೊಟ್ಟು ಹರಡುತ್ತೇನೆ. ಬೆಳಿಗ್ಗೆ ಒದ್ದೆಯಾದದ್ದನ್ನು ಸಗಣಿ ಸಮೇತ ಬಾಚಿ ಗುಂಡಿಗೆ ಹಾಕುತ್ತೇನೆ. ನಮ್ಮ ಬಿಸಿಲಿಗೆ ನೆಲದ ಮೇಲಿನ ತಿಪ್ಪೆ ಒಣಗಿ ಹೋಗುತ್ತದೆ, ಗುಂಡಿಯೇ ಬೇಕು. ಮೇಲೆ ತೆಳ್ಳಗೆ ಮಣ್ಣು, ಪಾತ್ರೆ ತೊಳೆದ ನೀರು. ಎರಡು ಸಲ ತಿರುವಿ ಹಾಕಬೇಕು. ಆಗ ಒಳಗೆ ಕೈಯಿಟ್ಟರೆ ಸುಡುವಷ್ಟು ಬಿಸಿ. ಪೂರಾ ಒಂದು ವರ್ಷ ಬಿಡಬೇಕು, ಅವಸರ ಮಾಡಬಾರದು. ಹಿಡಿಯಲ್ಲಿ ಹಿಚುಕಿದಾಗ ಸುರುಳಿ ಕಾಣಬಾರದು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು.

ಎಲ್ಲ ಹೊಟ್ಟೂ ಒಂದೇ ಅಲ್ಲ. ಅರಗಿನ ಬಣ್ಣ ಹಚ್ಚಿದ ಮೇಲೆ ಬೀಳುವ ಪುಡಿಯನ್ನು ಬೇರೆ ಚೀಲಕ್ಕೆ ಹಾಕಿಸುತ್ತೇನೆ. ಅರಗು ಹುಳು ಕೊಟ್ಟದ್ದೇ ಇರಬಹುದು, ಬಣ್ಣ ಯಾವುದೋ. ಪ್ಲೈವುಡ್ಡಿನ ಪುಡಿಯಲ್ಲಿ ಅಂಟಿನ ರಾಸಾಯನಿಕ ಇರುತ್ತದೆ, ಗುಂಡಿ ಹತ್ತಿರಕ್ಕೂ ತರಬೇಡಿ. ಹಸಿ ಹೊಟ್ಟನ್ನು ಗಿಡದ ಬುಡಕ್ಕೆ ಒತ್ತಿದರೆ ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲಿಗೆ ಔತಣ. ಇನ್ನು ಉಪ್ಪುಕಾಗದ ಉಜ್ಜಿದಾಗ ಏಳುವ ನುಣ್ಣನೆ ಧೂಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಇದನ್ನು ಹೇಳಿದ ಮೇಲೆ ಮಗ ಮೂಗಿಗೆ ಬಟ್ಟೆ ಕಟ್ಟುತ್ತಾನೆ, ನೀರು ಚಿಮುಕಿಸಿ ಗುಡಿಸುತ್ತಾನೆ. ನಾನು ನೋಡದಿದ್ದಾಗ ಕಟ್ಟುವುದಿಲ್ಲ, ಅದು ಬೇರೆ ಮಾತು.

ಪೇಟೆಗೆ ಹೋದಾಗ ಬಡಗಿ ಅಂಗಡಿಗಳ ಮುಂದೆ ಹೊಟ್ಟು ಉರಿಯುವುದು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಕೋಳಿ ಫಾರಂನವರು ಬುದ್ಧಿವಂತರು, ಚೀಲಕ್ಕಿಷ್ಟು ಎಂದು ಕೊಟ್ಟು ಒಯ್ದು ನೆಲಕ್ಕೆ ಹಾಸುತ್ತಾರೆ. ಅದನ್ನೇ ನಾವು ಕೋಳಿಗೊಬ್ಬರವೆಂದು ಟ್ರ್ಯಾಕ್ಟರ್ ಲೋಡಿಗೆ ದುಡ್ಡು ಕೊಟ್ಟು ತರುತ್ತೇವೆ! ಸಂತೆಗೆ ಹೋದ ಗಾಡಿ ಬರಿದಾಗಿ ಬರುವ ಬದಲು ನಾಲ್ಕು ಚೀಲ ಹೊಟ್ಟು ಹೇರಿಕೊಂಡು ಬಂದರೆ ನಮ್ಮ ಮರ್ಯಾದೆ ಏನು ಹೋಗುತ್ತದೆ? ಬಡಗಿಗೆ ಬಿಟ್ಟಿ ಕೇಳುವುದೂ ಬೇಡ. ಒಂದು ಸೇರು ಅವರೆ ಕೊಡಿ, ಬಣ್ಣದ ಪುಡಿ ಬೆರೆಸದೆ ತೆಗೆದಿಡುತ್ತಾನೆ.

ಈ ಸಲ ಗುಂಡಿ ಗೊಬ್ಬರ ಆ ಹಳದಿಯಾದ ಐದು ಗುಂಟೆಗೇ ಹಾಕಿದ್ದೇನೆ. ರಾಗಿ ಈಗ ಪಕ್ಕದ ತಾಕಿನಷ್ಟೇ ಹಸಿರಾಗಿದೆ. ರೇಷ್ಮೆಯ ಆಯಮ್ಮ ಕಡ್ಡಿ ತೋಟಕ್ಕೆಂದು ಎರಡು ಚೀಲ ಹೊಟ್ಟು ಕೇಳಿದಳು. ಹಸಿಯದು ಕೊಡಲಿಲ್ಲ, ಗುಂಡಿಯದೇ ತುಂಬಿಸಿ ಬೇಲಿ ದಾಟಿಸಿದೆ.