ಗಣಕೀಕೃತ ಪಹಣಿಯಲ್ಲಿ ಗತಿಸಿದವರ ಹೆಸರು

ಯಾದಗಿರಿ ಜಿಲ್ಲೆಯ ಸೈದಾಪುರದ ಸಮೀಪವಿರುವ ಕಡೇಚೂರು ಎಂಬ ಹಳ್ಳಿಯ ಹೆಸರು ಇಂದು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಬಹುತೇಕ ಕೈಗಾರಿಕೆಯ ಕಾರಣಕ್ಕೆ. ಕಡೇಚೂರು ಮತ್ತು ಬಾಡಿಯಾಳ ಭಾಗದ 3,000ಕ್ಕೂ ಅಧಿಕ ಎಕರೆ ಭೂಮಿಯನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಸ್ವಾಧೀನಪಡಿಸಿಕೊಂಡಿತು. ರೈಲ್ವೆ ಬೋಗಿ ಕಾರ್ಖಾನೆ ಬಂತು, ಔಷಧ ಮತ್ತು ರಾಸಾಯನಿಕ ಘಟಕಗಳು ಬಂದವು, ಅವುಗಳ ಬೆನ್ನಿಗೆ ದುರ್ವಾಸನೆಯ ಬಗೆಗಿನ ದೂರುಗಳೂ ಬಂದವು. ಅದು ಪ್ರತ್ಯೇಕವಾಗಿ ಬರೆಯಬೇಕಾದ ವಿಷಯ. ಇಂದು ನಾವು ಕೇಳುತ್ತಿರುವ ಪ್ರಶ್ನೆ ಅದಕ್ಕಿಂತ ಹಿಂದಿನದು. ಸರಕಾರವು ಒಂದು ಹೊಲವನ್ನು ಪಡೆಯಲು ಬಂದಾಗ ಆ ಹೊಲದ ಒಡೆಯ ಯಾರೆಂದು ಅದಕ್ಕೆ ಹೇಳುವವರು ಯಾರು? ಊರಿನ ಹಿರಿಯರಲ್ಲ, ಬೆವರು ಸುರಿಸಿ ಉಳುಮೆ ಮಾಡಿದವರೂ ಅಲ್ಲ. ಹೇಳುವುದು ಪಹಣಿ. ನೋಟಿಸು ಹೊರಡುವುದು ಅದರಲ್ಲಿರುವ ಹೆಸರಿಗೆ. ಪರಿಹಾರದ ಮಾತು ಆರಂಭವಾಗುವುದೂ ಅದೇ ಹೆಸರಿನಿಂದ.

ಆ ಪಹಣಿ ಈಗ ಕಂಪ್ಯೂಟರಿನಲ್ಲಿದೆ. ಖಾತೆ, ಜನನ-ಮರಣ, ಪಡಿತರ, ಪಿಂಚಣಿ ಎಲ್ಲವೂ ಅಲ್ಲಿಗೇ ಸಾಗಿವೆ. ಡಿಜಿಟಲೀಕರಣ ಎಂಬ ಪದವನ್ನು ಮಂತ್ರದಂತೆ ಜಪಿಸುವವರು ಇಂದು ಎಲ್ಲೆಡೆ ಇದ್ದಾರೆ. ಯಂತ್ರವನ್ನು ತಂದಿಟ್ಟರೆ ಸಾಕು, ವ್ಯವಸ್ಥೆ ತಾನಾಗಿಯೇ ಶುದ್ಧವಾಗುತ್ತದೆ ಎಂಬ ಭ್ರಮೆ ಸರಕಾರಕ್ಕೂ ಇದೆ, ನಮಗೂ ಇದೆ. ಈ ಭ್ರಮೆಯ ಬೆಲೆ ಏನೆಂಬುದನ್ನು ತಿಳಿಯಲು ಕಡೇಚೂರಿನ ಜನ ದೂರ ಹೋಗಬೇಕಾಗಿಲ್ಲ.

ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅದಕ್ಕೆ ಮುನ್ನ ಇದೆಲ್ಲವೂ ಗುಲ್ಬರ್ಗ ಜಿಲ್ಲೆಯೇ. ಕರ್ನಾಟಕದಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಮೊತ್ತಮೊದಲ ಪ್ರಯೋಗ 1991ರಲ್ಲಿ, ಕೇಂದ್ರ ಸರಕಾರದ ಪೂರ್ಣ ವೆಚ್ಚದಲ್ಲಿ ನಡೆದದ್ದು ಇದೇ ಗುಲ್ಬರ್ಗದಲ್ಲಿ ಎಂಬುದು ಇಂದು ಎಷ್ಟು ಜನರಿಗೆ ನೆನಪಿದೆ? 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಅಂಥ ಯೋಜನೆ ಮಂಜೂರಾಯಿತು. ಆದರೆ ರೈತನಿಗೆ ಏನೂ ದಕ್ಕಲಿಲ್ಲ. ಕಾರಣ ಸರಳ. ಹೊಲ ಮಾರಾಟವಾದಾಗ, ಒಡೆಯ ತೀರಿಕೊಂಡಾಗ ದಾಖಲೆ ಬದಲಾಗುತ್ತಿದ್ದುದು ತಾಲೂಕಿನಲ್ಲಿ. ತಾಲೂಕಿಗೆ ಕಂಪ್ಯೂಟರು ಕೊಡುವ ಏರ್ಪಾಡೇ ಯೋಜನೆಯಲ್ಲಿರಲಿಲ್ಲ. ತಾಲೂಕಿನ ಕಾಗದ ಮುಂದೆ ಸಾಗುತ್ತಿತ್ತು, ಕಂಪ್ಯೂಟರಿಗೆ ಸೇರಿದ ಪಹಣಿ ಸೇರಿದ ದಿನದಲ್ಲೇ ನಿಂತುಬಿಡುತ್ತಿತ್ತು. ಯಂತ್ರದಲ್ಲಿ ತಪ್ಪಿರಲಿಲ್ಲ. ಕೆಲಸ ಎಲ್ಲಿ ನಡೆಯುತ್ತದೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂದು ಯಾರೂ ನೋಡಿರಲಿಲ್ಲ, ಅಷ್ಟೆ.

ಇದಾದ ಮೇಲೆ ಬಂದದ್ದು 'ಭೂಮಿ'. ಹೊಸ ಶತಮಾನದ ಆರಂಭದ ಎರಡು ಮೂರು ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಈ ಯೋಜನೆಯನ್ನು ಜಗತ್ತೇ ಹೊಗಳಿತು. ಆದರೆ ಹೊಗಳಿಕೆಗೆ ಅರ್ಹವಾದದ್ದು ಪರದೆಯಲ್ಲ, ಪರದೆಯ ಹಿಂದೆ ಮಾಡಿದ ಬದಲಾವಣೆ. ಅದಕ್ಕೆ ಮೊದಲು ಪಹಣಿ ಬೇಕಾದವನು ಗ್ರಾಮ ಲೆಕ್ಕಿಗನನ್ನು ಹುಡುಕಿ ಹೊರಡಬೇಕಿತ್ತು. ರಾಜ್ಯದಲ್ಲಿದ್ದ ಸುಮಾರು 9,000 ಲೆಕ್ಕಿಗರ ಕಪಾಟುಗಳೇ ದಾಖಲೆಯ ಕೋಣೆಗಳು. ಆತ ಇಂದು ಈ ಊರು, ನಾಳೆ ಆ ಊರು. ಕೈ ಬಿಸಿಯಾಗದೆ ಬರೆಯುವವನೂ ಅಲ್ಲ. 'ಭೂಮಿ' ಬಂದ ಮೇಲೆ 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಂಡಿಯಲ್ಲಿ ಪಹಣಿ ಸಿಗತೊಡಗಿತು. ಕಿಂಡಿಯ ಈಚೆಗೂ ಒಂದು ಪರದೆ ಇಟ್ಟು ಒಳಗೇನು ನಡೆಯುತ್ತಿದೆ ಎಂದು ರೈತನೂ ನೋಡುವಂತೆ ಮಾಡಲಾಯಿತು. ಬದಲಾವಣೆ ಮಾಡುವ ಅಧಿಕಾರಿ ಬೆರಳಚ್ಚು ಒತ್ತಬೇಕಾಯಿತು. ಆ ಮೇಲೆ 'ನಾನಲ್ಲ' ಎಂದು ಹೇಳಲು ಬಾರದು. ಅರ್ಜಿಗಳು ಬಂದ ಕ್ರಮದಲ್ಲಿಯೇ ಮುಂದೆ ಸಾಗಬೇಕಾಯಿತು; ಹಿಂದೆ ಬಂದವನ ಕಾಗದವನ್ನು ಮೇಲೆಳೆಯಲು ದಾರಿ ಮುಚ್ಚಿತು. ಎಲ್ಲಕ್ಕಿಂತ ದೊಡ್ಡ ಹೆಜ್ಜೆಯೆಂದರೆ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆಯನ್ನೇ ತೆಗೆದುಹಾಕಿದ್ದು. ಹಳೆಯ ಬಾಗಿಲನ್ನು ಮುಚ್ಚದೆ ಹೊಸ ಬಾಗಿಲನ್ನು ತೆರೆದಿದ್ದರೆ ಜನ ಹಳೆಯ ಬಾಗಿಲಿನಲ್ಲಿಯೇ ನಿಂತು ಹಳೆಯ ಬೆಲೆಯನ್ನೇ ತೆರುತ್ತಿದ್ದರು.

ವ್ಯಾಪಾರ ಜಗತ್ತು ಇದೇ ಪಾಠವನ್ನು ಹತ್ತು ವರ್ಷ ಮೊದಲು ಕಲಿತಿತ್ತು. ಅಮೆರಿಕದ ಮೈಕೆಲ್ ಹ್ಯಾಮರ್ ಎಂಬ ತಜ್ಞ 1990ರಲ್ಲಿ ಫೋರ್ಡ್ ಕಂಪನಿಯ ಉದಾಹರಣೆ ಕೊಟ್ಟಿದ್ದರು. ಸರಕು ಪೂರೈಸಿದವರಿಗೆ ಹಣ ಸಂದಾಯ ಮಾಡುವ ಅದರ ವಿಭಾಗದಲ್ಲಿ 500ಕ್ಕೂ ಹೆಚ್ಚು ಜನ. ಕಂಪ್ಯೂಟರು ತಂದು ಐದರಲ್ಲೊಂದು ಭಾಗ ಕಡಿಮೆ ಮಾಡಬೇಕೆಂದು ಕಂಪನಿ ಲೆಕ್ಕ ಹಾಕುತ್ತಿದ್ದಾಗ, ಜಪಾನಿನ ಮಜ್ದಾ ಕಂಪನಿಯಲ್ಲಿ ಅದೇ ಕೆಲಸಕ್ಕೆ ಇರುವವರು ಬರೀ 5 ಜನ ಎಂದು ತಿಳಿಯಿತು. ಮಜ್ದಾ ಚಿಕ್ಕ ಕಂಪನಿ ಎಂಬುದನ್ನು ಗಣನೆಗೆ ತೆಗೆದುಕೊಂಡರೂ ಈ ಅಂತರಕ್ಕೆ ಸಮಾಧಾನ ಸಿಗಲಿಲ್ಲ. ನೋಡಿದರೆ ಫೋರ್ಡಿನ ಜನರ ಹೆಚ್ಚಿನ ಸಮಯ ಹೋಗುತ್ತಿದ್ದುದು ಒಂದಕ್ಕೊಂದು ತಾಳೆಯಾಗದ ಕಾಗದಗಳನ್ನು ತಾಳೆ ಮಾಡುವುದರಲ್ಲಿ. ಬೇಡಿಕೆ ಪತ್ರಕ್ಕೆ ಸರಿಯಾಗಿ ಸರಕು ಬಂದರೆ ಹಣ, ಇಲ್ಲವಾದರೆ ಸರಕು ವಾಪಸು ಎಂದು ಕ್ರಮವನ್ನೇ ಬದಲಿಸಿದ ಮೇಲೆ ಮುಕ್ಕಾಲು ಪಾಲು ಜನರ ಅಗತ್ಯವೇ ಇಲ್ಲವಾಯಿತು. ನೌಕರರ ದೃಷ್ಟಿಯಿಂದ ಇದು ಸಂತೋಷದ ಕತೆಯೇನಲ್ಲ. ಆದರೆ ಕೆಟ್ಟ ಕ್ರಮಕ್ಕೆ ಯಂತ್ರ ಜೋಡಿಸಿದರೆ ಕೆಟ್ಟದ್ದೇ ವೇಗವಾಗಿ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಈಗ ನಮ್ಮ ಪಹಣಿಗೆ ಮರಳೋಣ. 'ಭೂಮಿ' ಕಚೇರಿಯನ್ನು ಬದಲಿಸಿತು. ಮನೆಯನ್ನು ಬದಲಿಸಲು ಅದಕ್ಕೆ ಸಾಧ್ಯವಾಗಲಿಲ್ಲ. ಕಂದಾಯ ಇಲಾಖೆ 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ಕೈಗೊಂಡಾಗ ರಾಜ್ಯದಲ್ಲಿ ಲಕ್ಷಾಂತರ ಭೂಮಿಗಳ ಒಡೆಯರು ಎಂದೋ ತೀರಿಕೊಂಡವರು ಎಂಬುದು ಬೆಳಕಿಗೆ ಬಂತು. 2025ರಲ್ಲಿ ಪೌತಿ ಖಾತೆಗಾಗಿಯೇ ಬೇರೊಂದು ಅಭಿಯಾನ ನಡೆಸಬೇಕಾಯಿತು. ಅಜ್ಜ ತೀರಿಕೊಂಡು ನಲವತ್ತು ವರ್ಷ, ತಂದೆ ತೀರಿಕೊಂಡು ಹದಿನೈದು ವರ್ಷ. ಪಹಣಿಯಲ್ಲಿ ಇನ್ನೂ ಅಜ್ಜನೇ. ನಮ್ಮ ಓದುಗರಲ್ಲಿ ಹೆಚ್ಚಿನವರು ಪಟ್ಟಣವಾಸಿಗಳು. ಯಾದಗಿರಿಯಲ್ಲೋ ಶಹಾಪುರದಲ್ಲೋ ಸುರಪುರದಲ್ಲೋ ಅಂಗಡಿ, ಗ್ಯಾರೇಜು, ನೌಕರಿ. ಆದರೆ ಬೇರು ಇರುವ ಹಳ್ಳಿಯಲ್ಲಿ ಎರಡೋ ಮೂರೋ ಎಕರೆ ಇನ್ನೂ ಇದೆ, ಇದೆ ಎಂಬ ನಂಬಿಕೆಯಾದರೂ ಇದೆ. ಆ ಎರಡು ಎಕರೆ ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ಉತ್ತರ ಹೇಳಬಲ್ಲ ಯುವಕರು ಎಷ್ಟು ಮಂದಿ?

ನಮ್ಮ ಭಾಗದ ಮುಸ್ಲಿಮ್ ಕುಟುಂಬಗಳಿಗೆ ಇನ್ನೂ ಒಂದು ತೊಡಕಿದೆ. 1956ರವರೆಗೆ ಇದು ಹೈದರಾಬಾದ್ ಸಂಸ್ಥಾನಕ್ಕೆ, ಆ ಬಳಿಕ ಹೈದರಾಬಾದ್ ರಾಜ್ಯಕ್ಕೆ ಸೇರಿದ ಸೀಮೆ. ಹಳೆಯ ಕಾಗದಗಳು ಉರ್ದುವಿನಲ್ಲಿವೆ. ಉರ್ದುವಿನಿಂದ ಕನ್ನಡಕ್ಕೆ, ಕನ್ನಡದಿಂದ ಕಂಪ್ಯೂಟರಿಗೆ, ಅಲ್ಲಿಂದ ಆಧಾರಿನ ಇಂಗ್ಲಿಷಿಗೆ ಸಾಗುವಷ್ಟರಲ್ಲಿ ಒಬ್ಬನೇ ಮನುಷ್ಯ ಖಾಜಾಸಾಬನಾಗಿ, ಖಾಜಾಹುಸೇನನಾಗಿ, ಖ್ವಾಜಾ ಹುಸೈನನಾಗಿ ಮೂವರಾಗಿದ್ದಾನೆ. ಊರಿನವರಿಗೆ ಈ ಮೂವರೂ ಒಬ್ಬನೇ ಎಂದು ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಪೌತಿ, ದಾಖಲೆ, ತಕರಾರು, ಜಮಾಬಂದಿ ಎಂದು ಕಂದಾಯ ಕಚೇರಿಯ ಅರ್ಧ ನಿಘಂಟು ನಮ್ಮ ಮನೆಮಾತಿನ ದಾರಿಯಿಂದ ಹೋದದ್ದು. ಆದರೂ ಆ ಕಚೇರಿಯ ಮೆಟ್ಟಿಲು ಹತ್ತಲು ನಮಗೆ ಮಧ್ಯವರ್ತಿ ಬೇಕು. ಇದೆಂಥ ವಿಪರ್ಯಾಸ!

ಹೇಳಲು ನಾಚಿಕೆಯಾಗುವ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಪೌತಿ ಖಾತೆ ಮಾಡಿಸಿಕೊಂಡ ಮನೆಗಳಲ್ಲಿಯೂ ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಕೊಂಬೆಯನ್ನು ಕತ್ತರಿಸಿ ಬರೆಸುವವರಿದ್ದಾರೆ. ನಾಲ್ವರು ಅಣ್ಣತಮ್ಮಂದಿರ ಹೆಸರು ಇರುತ್ತದೆ, ಇಬ್ಬರು ಆಪಾಗಳು ಹುಟ್ಟಿಯೇ ಇರುವುದಿಲ್ಲ. ಇಲ್ಲವೇ ರಮಝಾನಿಗೆ ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲಾಗುತ್ತದೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಆಕೆ ಸಹಿ ಹಾಕುತ್ತಾಳೆ. ಮಗಳ ಪಾಲನ್ನು ಪವಿತ್ರ ಕುರ್‌ಆನ್ ನಿಶ್ಚಯಿಸಿದೆ ಎಂದು ವೇದಿಕೆಯ ಮೇಲೆ ಹೆಮ್ಮೆಯಿಂದ ಭಾಷಣ ಮಾಡುವ ಸಮುದಾಯದ ಸ್ಥಿತಿ ಇದು. ಕಂಪ್ಯೂಟರು ಇದನ್ನು ಪ್ರಶ್ನಿಸುವುದಿಲ್ಲ. ಬರೆಸಿಕೊಟ್ಟದ್ದನ್ನು ಅದು ಅಚ್ಚುಕಟ್ಟಾಗಿ ಉಳಿಸಿಕೊಳ್ಳುತ್ತದೆ. ನಾಳೆ ಆ ಹೊಲ ಕಡೇಚೂರಿನಂತೆ ಕೈಗಾರಿಕೆಗೋ ರಸ್ತೆಗೋ ಹೋದರೆ ಎರಡು ಪರಿಣಾಮಗಳಲ್ಲಿ ಒಂದು ಖಚಿತ. ಒಂದೋ ಸಹೋದರಿ ಬರಿಗೈಯಲ್ಲಿ ಉಳಿಯುತ್ತಾಳೆ, ಇಲ್ಲವೇ ಆಕೆಯ ಮಕ್ಕಳು ತಕರಾರು ಹಾಕಿ, ಪರಿಹಾರದ ಹಣ ನ್ಯಾಯಾಲಯದಲ್ಲಿ ಕೂತು, ವಕೀಲರ ಕಚೇರಿಗೆ ಎರಡು ತಲೆಮಾರು ಅಲೆಯುತ್ತವೆ.

'ಭೂಮಿ'ಯಂಥ ವ್ಯವಸ್ಥೆಯಿಂದ ಲಾಭವಾದದ್ದು ರೈತನಿಗಿಂತ ಭೂಮಿ ಹುಡುಕುವ ದೊಡ್ಡವರಿಗೆ ಎಂಬ ಟೀಕೆಯನ್ನು 2007ರಲ್ಲಿಯೇ ಕೆಲವು ಸಂಶೋಧಕರು ಮಾಡಿದ್ದರು. ಈ ಟೀಕೆಯಲ್ಲಿ ಹುರುಳಿದೆ. ಯಾವ ಸರ್ವೆ ನಂಬರು ಯಾರದು ಎಂದು ಬೆಂಗಳೂರಿನಲ್ಲಿ ಕುಳಿತು ನೋಡಬಲ್ಲವನಿಗೂ, ತನ್ನ ಹೊಲದಲ್ಲಿ ನಿಂತು ನೋಡಲಾಗದವನಿಗೂ ಈ ಬೆಳಕು ಸಮನಾಗಿ ಬೀಳುವುದಿಲ್ಲ. ಆದರೆ ಇದರಿಂದ ತಪ್ಪಿಸಿಕೊಳ್ಳಲು ದಾಖಲೆಯಿಂದ ದೂರ ಉಳಿಯುವುದು ಉಪಾಯವೇ?

ದಾಖಲೆಯ ತಪ್ಪು ಎಷ್ಟು ದೂರ ನಡೆಯಬಲ್ಲದು ಎಂಬುದನ್ನು 2024ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ಹೊನವಾಡದಲ್ಲಿ ಕಂಡೆವು. ಅಲ್ಲಿಯ ಸುಮಾರು 1,200 ಎಕರೆ ವಕ್ಫ್ ಆಸ್ತಿಯಾಗುತ್ತದೆ ಎಂಬ ಸುದ್ದಿಯಿಂದ ರೈತರು ಕಂಗಾಲಾದರು. ಜಿಲ್ಲಾ ಉಸ್ತುವಾರಿ ಸಚಿವರು ನೀಡಿದ ವಿವರಣೆಯ ಪ್ರಕಾರ ಅಲ್ಲಿ ವಕ್ಫ್‌ಗೆ ಸೇರಿದ್ದು 11 ಎಕರೆ ಮಾತ್ರ. 1974ರ ಗೆಜೆಟ್ಟಿನಲ್ಲಿ ಬೇರೆ ಊರಿನ ಹೆಸರಿನ ಮುಂದೆ ಆವರಣದೊಳಗೆ ಹೊನವಾಡದ ಹೆಸರು ತಪ್ಪಾಗಿ ಸೇರಿತ್ತು, 1977ರಲ್ಲಿ ಅದನ್ನು ತಿದ್ದಲಾಗಿತ್ತು. ಅಂದರೆ ತಿದ್ದಿ 47 ವರ್ಷಗಳಾದ ತಪ್ಪು ಎದ್ದುಬಂದು ನೆರೆಹೊರೆಯವರ ನಡುವೆ ಅನುಮಾನದ ಬೆಂಕಿ ಹಚ್ಚಿತು. ಅದರಲ್ಲಿ ರಾಜಕೀಯದ ಬೇಳೆ ಬೇಯಿಸಿಕೊಂಡವರು ಯಾರೆಂದು ಹೇಳಬೇಕಾಗಿಲ್ಲ. ಕೊನೆಗೆ ನೋಟಿಸುಗಳನ್ನು ಹಿಂಪಡೆಯುವಂತೆ ಮುಖ್ಯಮಂತ್ರಿಯವರೇ ಸೂಚಿಸಬೇಕಾಯಿತು. ಆ ತಿದ್ದುಪಡಿ ಸಂಬಂಧಿಸಿದ ಪ್ರತಿಯೊಂದು ಕಡತದಲ್ಲೂ ಎದ್ದು ಕಾಣುವಂತೆ ಇದ್ದಿದ್ದರೆ ಬಡ ರೈತನ ನಿದ್ದೆಯೂ ಕೆಡುತ್ತಿರಲಿಲ್ಲ, ನಮ್ಮ ಮೇಲೆ ಬೊಟ್ಟು ಮಾಡುವ ಅವಕಾಶವೂ ಒದಗುತ್ತಿರಲಿಲ್ಲ.

ನಮ್ಮದೇ ಸಂಸ್ಥೆಗಳ ಸ್ಥಿತಿ ಇದಕ್ಕಿಂತ ಉತ್ತಮವಾಗಿದೆಯೇ? ವಕ್ಫ್ ಆಸ್ತಿಗಳ ವಿವರ ತುಂಬುವ ಉಮೀದ್ ಪೋರ್ಟಲ್ 2025ರ ಜೂನ್ 6ರಂದು ಆರಂಭವಾಯಿತು. ಆ ಕಾನೂನಿನ ಗುಣದೋಷದ ಚರ್ಚೆ ಬೇರೆ. ಆರು ತಿಂಗಳ ಗಡುವು ಮುಗಿದಾಗ ದೇಶದಲ್ಲಿ 5.17 ಲಕ್ಷ ಆಸ್ತಿಗಳ ನೋಂದಣಿ ಆರಂಭವಾಗಿತ್ತು, ಅನುಮೋದನೆಯಾದದ್ದು 2.17 ಲಕ್ಷಕ್ಕೆ ಮಾತ್ರ. ಪೋರ್ಟಲ್ ನಿಧಾನವಾಗಿತ್ತು ಎಂಬ ದೂರು ನಿಜ. ಆದರೆ ಮುತವಲ್ಲಿಯ ಮನೆಯ ಟ್ರಂಕಿನಲ್ಲಿ ಗೆದ್ದಲು ಹಿಡಿದ ಕಾಗದಕ್ಕೆ ಪೋರ್ಟಲ್ ಹೊಣೆಯಲ್ಲ. ಹಿಂದಿನ ಕಾರ್ಯದರ್ಶಿ ಇಂದಿನವರಿಗೆ ಪುಸ್ತಕ ಒಪ್ಪಿಸಿರುವುದಿಲ್ಲ, ಬಾಡಿಗೆಯ ರಸೀದಿ ಒಬ್ಬರ ಜೇಬಿನಲ್ಲಿ, ಲೆಕ್ಕ ಇನ್ನೊಬ್ಬರ ನೆನಪಿನಲ್ಲಿ. ಇಂಥ ಸಮಿತಿಗೆ ಲ್ಯಾಪ್‌ಟಾಪ್ ದಾನ ಮಾಡುವುದರಿಂದ ಏನಾದೀತು?

ಹೀಗಾಗಿ ನಮ್ಮ ಜಮಾಅತ್‌ಗಳ ಮುಂದೆ ಬಹಳ ಸಣ್ಣದೊಂದು ಸಲಹೆಯನ್ನಿಡುತ್ತೇವೆ. ಪ್ರತಿಯೊಂದು ಮಹಲ್ಲಾದ ಸಾವಿನ ಸುದ್ದಿ ಮೊದಲು ಮುಟ್ಟುವುದು ಮಸೀದಿಗೆ. ಕಬರಸ್ತಾನದ ರಿಜಿಸ್ಟರಿನಲ್ಲಿ ಹೆಸರು ಮತ್ತು ದಿನಾಂಕ ಬರೆದು ಮುಚ್ಚಿಡುವುದರ ಬದಲು ಅದನ್ನು ಆರಂಭವಾಗಿ ಭಾವಿಸಬೇಕು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿದರೆ ಖರ್ಚೂ ಇಲ್ಲ, ಅಲೆದಾಟವೂ ಇಲ್ಲ. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ತರಬೇಕು. ಮೃತರ ಹೆಸರನ್ನು ಆಧಾರಿನಲ್ಲಿ, ಪಹಣಿಯಲ್ಲಿ, ಮನೆಯ ಖಾತೆಯಲ್ಲಿ ಹೇಗೆ ಬರೆದಿದೆಯೋ ಹಾಗೆಯೇ ಮೂರೂ ರೀತಿಯಲ್ಲಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರ ಹೆಸರನ್ನು ಇಬ್ಬರು ಹಿರಿಯರ ಎದುರು ಅಂದೇ ದಾಖಲಿಸಬೇಕು. ಆ ದಿನ ಯಾರೂ ಸಹೋದರಿಯನ್ನು ಮರೆಯುವ ಧೈರ್ಯ ಮಾಡುವುದಿಲ್ಲ. ನಲವತ್ತು ದಿನಗಳ ಬಳಿಕ ಸಮಿತಿಯವರೊಬ್ಬರು ಆ ಮನೆಗೆ ಹೋಗಿ ಮರಣ ಪತ್ರ ಬಂತೇ, ಪೌತಿ ಅರ್ಜಿ ಕೊಟ್ಟಿರೇ ಎಂದು ವಿಚಾರಿಸಬೇಕು. ಅರ್ಜಿ ಕೊಟ್ಟಿದ್ದರೆ ಅದರ ಸಂಖ್ಯೆಯನ್ನು ಅದೇ ಸಾಲಿನಲ್ಲಿ ಬರೆಯಬೇಕು. ವಂಶವೃಕ್ಷದ ಪ್ರತಿಯನ್ನು ಕೇಳಿ ನೋಡಬೇಕು; ರಿಜಿಸ್ಟರಿನಲ್ಲಿದ್ದ ಹೆಣ್ಣುಮಕ್ಕಳು ಅದರಲ್ಲಿ ಇಲ್ಲವಾದರೆ ಅಲ್ಲಿಯೇ ಕೇಳಬೇಕು.

ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ. ಒಂದು ರಿಜಿಸ್ಟರು, ಕನ್ನಡ ಮತ್ತು ಉರ್ದು ಎರಡನ್ನೂ ಓದಬಲ್ಲ ಒಬ್ಬ ಯುವಕ ಅಥವಾ ಯುವತಿ, ವಾರಕ್ಕೆ ಎರಡು ಗಂಟೆಗಳ ಸಮಯ. ಕಂಪ್ಯೂಟರನ್ನು ಎರಡನೆಯ ವರ್ಷ ಕೊಳ್ಳೋಣ. ಯಾದಗಿರಿ, ಶಹಾಪುರ ಮತ್ತು ಸುರಪುರದ ಸಮಿತಿಗಳು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿಕೊಳ್ಳಲಿ. ಓದುಗರು ಅಷ್ಟರವರೆಗೆ ತಮ್ಮ ಊರಿನ ಸರ್ವೆ ನಂಬರು ಹುಡುಕಿ ಒಂದು ಪಹಣಿ ತೆಗೆಸಿ ನೋಡಲಿ, ಅದರಲ್ಲಿ ಇನ್ನೂ ಯಾರಿದ್ದಾರೆಂದು.